ಒಡಪಿನ ನಡುವೆ ‘ಟಪ್’ ಎಂದರೆ

ಸೋಬಾನೆ ಹೇಳುವ ಅಜ್ಜಿಯನ್ನು ಇನ್ನೊಂದು ಸಲ ಹಾಡಿ ಎಂದು ಕೇಳಿದರೆ ಹಾಡುತ್ತಾರೆ. ಆದರೆ ಅದು ಮೊದಲಿನ ಹಾಡಾಗಿರುವುದಿಲ್ಲ. ಒಂದು ಸೊಲ್ಲು ಸೇರಿರುತ್ತದೆ, ಒಂದು ಜಾರಿರುತ್ತದೆ. ವೀರಗಾಸೆ ಕುಣಿತದ ನಡುವೆ ಹೇಳುವ ಒಡಪೂ ಹಾಗೆಯೇ, ಆವೇಶ ಬಂದಾಗ ಹೇಳಿದ್ದನ್ನು ಆಮೇಲೆ ಕೇಳಿ ಪಡೆಯಲಾಗದು. ಸಖರಾಯಪಟ್ಟಣ, ಕಡೂರು, ಅಜ್ಜಂಪುರದ ಸುತ್ತ ಲ್ಯಾಪ್‌ಟಾಪಿನಲ್ಲಿ ಇಂಥ ಹಾಡು ಹಿಡಿಯಲು ಹೊರಟವರಿಗೆ ರೆಕಾರ್ಡಿಂಗಿನ ನಡುವೆ ಸದ್ದು ಕಡಿದು ‘ಟಪ್’ ಎನ್ನುವುದು ಸಣ್ಣ ತೊಂದರೆಯಲ್ಲ. ಸಿನಿಮಾ ಹಾಡಿಗೆ ಇನ್ನೊಂದು ಟೇಕ್ ಇರುತ್ತದೆ, ಇದಕ್ಕೆ ಇಲ್ಲ.

ಬಹಳ ಮಂದಿ ಇದನ್ನು ಲ್ಯಾಪ್‌ಟಾಪಿನ ಶಕ್ತಿ ಸಾಲದ್ದಕ್ಕೆ ಬಂದ ಕೊರತೆ ಎಂದು ತಿಳಿಯುತ್ತಾರೆ. ಹೆಚ್ಚಿನ ಸಲ ಅದು ಹೊತ್ತು ತಪ್ಪಿದ್ದರ ಫಲ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ ಬರುವ ಸದ್ದನ್ನು ಕಂಪ್ಯೂಟರು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿನ ಅಳತೆಯೇ ಬಫರ್. ಬಫರ್ 256 ಸ್ಯಾಂಪಲ್ ಇದ್ದರೆ ಒಂದು ಕಂತಿಗೆ ಸಿಗುವುದು 5.3 ಮಿಲಿಸೆಕೆಂಡು, ಸೆಕೆಂಡಿಗೆ 187ಕ್ಕೂ ಹೆಚ್ಚು ಗಡುವು. ಒಂದೇ ಒಂದು ಗಡುವು ತಪ್ಪಿದರೂ ‘ಟಪ್’ ಎನ್ನಬಹುದು. ಟಾಸ್ಕ್ ಮ್ಯಾನೇಜರ್ ಸಿಪಿಯು ಶೇ. 20 ಎಂದು ತೋರಿಸುತ್ತಿದ್ದರೂ ಸದ್ದು ಕಡಿಯುವುದು ಇದರಿಂದಲೇ. ಅದು ತೋರಿಸುವುದು ಸರಾಸರಿ, ಗಡುವಿಗೆ ಸರಾಸರಿಯ ಹಂಗಿಲ್ಲ.

ಶಕುನಗಿರಿಯ ತಪ್ಪಲಿನ ಅಯ್ಯನಕೆರೆಯನ್ನು ನೋಡಿದವರಿಗೆ ಬಫರ್ ಏನೆಂದು ಬೇಗ ತಿಳಿಯುತ್ತದೆ. ಕೆರೆಗೆ ನೀರು ಮಳೆಯ ಮನಸ್ಸಿನಂತೆ ಬರುತ್ತದೆ, ತೂಬಿನಿಂದ ಗದ್ದೆಗೆ ಮಾತ್ರ ಒಂದೇ ಸಮ ಹರಿಯಬೇಕು. ಹಾಡು ಕೇಳಿಸುವಾಗ ಕೆರೆ ಬತ್ತಿದರೆ ಸದ್ದು ಕಡಿಯುತ್ತದೆ. ರೆಕಾರ್ಡ್ ಮಾಡುವಾಗ ತುಂಬಿದ್ದನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ದರೆ ಕೋಡಿ ಬೀಳುತ್ತದೆ. ಕೋಡಿಯಲ್ಲಿ ಹೋದ ಸದ್ದು ಮತ್ತೆ ಸಿಗದು.

ಹಾಗಿದ್ದೂ ರೆಕಾರ್ಡಿಂಗ್ ಎಂದ ಕೂಡಲೇ ಬಫರ್ ಅನ್ನು 64ಕ್ಕೆ ಇಳಿಸುವ ಅಭ್ಯಾಸ ಎಲ್ಲೆಡೆ ಬೆಳೆದಿದೆ. ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರಿನ ಮೂಲಕವೇ ಹೆಡ್‌ಫೋನಿನಲ್ಲಿ ಕೇಳಿಕೊಂಡು ಟ್ರ್ಯಾಕಿಗೆ ದನಿ ಸೇರಿಸುವಾಗ ಅದು ಬೇಕು, ತಡವಾದರೆ ತಾಳ ಕೆಡುತ್ತದೆ. ಅಜ್ಜಿಗೆ ಹೆಡ್‌ಫೋನೇ ಇಲ್ಲ. ಒಡಪು ಹೇಳುವವರು ಸಂಬಾಳ ವಾದ್ಯವನ್ನು ಕೇಳುವುದು ಗಾಳಿಯಲ್ಲಿ. ಅಲ್ಲೂ ತಡ ಇದ್ದೇ ಇದೆ: ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಹತ್ತು ಅಡಿ ದೂರದ ಪೆಟ್ಟು ಸುಮಾರು 9 ಮಿಲಿಸೆಕೆಂಡು ತಡವಾಗಿ ಕಿವಿಗೆ ಬೀಳುತ್ತದೆ. ಕುಣಿತ ಅದರಿಂದ ಕೆಟ್ಟಿಲ್ಲ. ಆದ್ದರಿಂದ ನಮ್ಮ ಕಡೆಯ ಹಾಡು ಹಿಡಿಯುವವರಿಗೆ ನಾನು ಒತ್ತಿ ಹೇಳುವುದು ಇಷ್ಟು: ಬಫರ್ 1024 ಇಡಿ. 64ರಲ್ಲಿ ಸಿಗುವ 1.3 ಮಿಲಿಸೆಕೆಂಡಿನ ಬದಲು 21 ಮಿಲಿಸೆಕೆಂಡು ಸಿಗುತ್ತದೆ. ನೀವು ಕೇಳಿಸಿಕೊಳ್ಳಬೇಕಿದ್ದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಆ ಸದ್ದು ಕಂಪ್ಯೂಟರಿಗೆ ಕಾಯುವುದಿಲ್ಲ.

ಇಷ್ಟಾದರೂ ‘ಟಪ್’ ಬಂದರೆ ಅದು ಎಲ್ಲಿ ಕೂತಿದೆ ಎಂದು ಮೊದಲು ಪತ್ತೆ ಮಾಡಿ. ಅದೇ ಭಾಗವನ್ನು ಮತ್ತೆ ಮತ್ತೆ ಕೇಳಿ. ಪ್ರತಿ ಸಲ ಅದೇ ಅಕ್ಷರದ ಮೇಲೆ ಬಂದರೆ ಫೈಲಿನೊಳಗೇ ಇದೆ. ಜಾಗ ಬದಲಿಸುತ್ತಿದ್ದರೆ ಫೈಲು ಶುದ್ಧ, ಕೇಳಿಸುವಾಗ ಮಾತ್ರ ಯಂತ್ರ ತಡವರಿಸುತ್ತಿದೆ. ಆಗ ಪ್ಲಗಿನ್ ತುಂಬಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿದರೆ ಹಗುರವಾಗುತ್ತದೆ. ಸಂಬಾಳದ ಜೋರು ಪೆಟ್ಟಿಗೆ ಮಾತ್ರ ಸದ್ದು ಒಡೆಯುತ್ತಿದ್ದರೆ ಅದು ಬೇರೆಯೇ ರೋಗ, ಮೈಕಿನ ಗೇನ್ ಇಳಿಸಿ.

ಗಡುವು ತಪ್ಪಿಸುವ ಕಾರಣಗಳಲ್ಲಿ ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದದ್ದು ಕರೆಂಟು. ಅದು ಹೋದ ಕೂಡಲೇ ಲ್ಯಾಪ್‌ಟಾಪು ಬ್ಯಾಟರಿಗೆ ಹೊರಳುತ್ತದೆ, ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಹಾಡು ಕಡಿಯುವುದು ಅಲ್ಲೇ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಬ್ಯಾಟರಿಗೂ ಹೈ ಪರ್ಫಾರ್ಮೆನ್ಸ್ ಆರಿಸಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ಎರಡನೆಯದು ವೈಫೈ. ಅದರ ಡ್ರೈವರು ಪ್ರೊಸೆಸರನ್ನು ಕ್ಷಣಕಾಲ ಹಿಡಿದಿಟ್ಟುಕೊಂಡರೂ ಗಡುವು ತಪ್ಪುತ್ತದೆ. ವೈಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡಿ ಕೂರಿ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರು ತಡ ಮಾಡಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಇಂಟರ್‌ಫೇಸನ್ನು ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚಿ, ತಯಾರಿಸಿದ ಕಂಪನಿಯದೇ ಆಸಿಯೊ ಡ್ರೈವರು ಹಾಕಿ. 1997ರಲ್ಲಿ ಸ್ಟೈನ್‌ಬರ್ಗ್ ತಂದ ಈ ಆಸಿಯೊ ವಿಂಡೋಸಿನ ಮಾಮೂಲಿ ಧ್ವನಿದಾರಿಯನ್ನು ಬಿಟ್ಟು ನೇರ ಹಾದಿಯಲ್ಲಿ ಹೋಗುತ್ತದೆ. ಸೆಕೆಂಡಿಗೆ 96,000 ಸ್ಯಾಂಪಲ್‌ಗಳ ಆಸೆಯನ್ನೂ ಬಿಡಿ. ಅದೇ ಬಫರಿಗೆ ಸಿಗುವ ಹೊತ್ತು ಅರ್ಧಕ್ಕಿಳಿಯುತ್ತದೆ, ದನಿಗೆ 48,000 ಧಾರಾಳ ಸಾಕು.

ಒಂದೊಂದೇ ಬದಲಿಸಿ, ಪ್ರತಿ ಸಲ ಅರ್ಧ ಗಂಟೆ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ ಕೇಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಕಾರಣ ಗೊತ್ತಾಗುವುದಿಲ್ಲ. ಹಾಡುವವರ ಮನೆಗೆ ಹೋಗುವ ದಿನ ಪಕ್ಕದಲ್ಲಿ ಇನ್ನೊಂದು ರೆಕಾರ್ಡರನ್ನೋ ಮೊಬೈಲನ್ನೋ ಓಡಿಸುವುದನ್ನು ಮರೆಯಬೇಡಿ. ಹೊಸ ಲ್ಯಾಪ್‌ಟಾಪಿಗೆಂದು ಎತ್ತಿಟ್ಟ ಹಣವಿದ್ದರೆ ಅದರಲ್ಲಿ ಒಳ್ಳೆಯ ಮೈಕು ಕೊಳ್ಳಿ, ಉಳಿದದ್ದನ್ನು ಹಾಡಿದವರ ಕೈಗೆ ಕೊಡಿ.