ಎರಡು ಪತ್ರಿಕೆ, ಒಂದು ನದಿ

ಚೆನ್ನೈನಲ್ಲಿದ್ದು ಕನ್ನಡ, ತಮಿಳು ಎರಡೂ ಪತ್ರಿಕೆ ಓದುವವನಿಗೆ ಕಾವೇರಿ ಒಂದೇ ನದಿ ಅನ್ನಿಸುವುದೇ ಇಲ್ಲ. ಬೆಂಗಳೂರಿನ ಪತ್ರಿಕೆಯಲ್ಲಿ ಅದು ಕನ್ನಂಬಾಡಿಗೆ ಮುಗಿದುಹೋಗುತ್ತದೆ. ಇಲ್ಲಿಯದರಲ್ಲಿ ಮೆಟ್ಟೂರಿನಲ್ಲಿ ಹುಟ್ಟುತ್ತದೆ. ಅಲ್ಲಿ 124.80 ಅಡಿಯ ಲೆಕ್ಕ, ಇಲ್ಲಿ 120 ಅಡಿಯದು. ಪಕ್ಕದವರ ಅಣೆಕಟ್ಟಿನ ಮಟ್ಟ ಅಚ್ಚಾದರೆ ಅದು ಬಹುಮಟ್ಟಿಗೆ ‘ನೋಡಿ, ಅವರ ಹತ್ರ ಇಷ್ಟಿದೆ’ ಅನ್ನೋದಕ್ಕೆ.

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಿ ಅಂದಿತು. ಕ್ಯುಸೆಕ್ ಅಂದರೇ ಸೆಕೆಂಡಿಗೆ ಒಂದು ಘನ ಅಡಿ. ಅದಕ್ಕೆ ‘ದಿನಕ್ಕೆ’ ಅಂತ ಬಾಲ ಕಟ್ಟಿ ಬರೆಯುವ ರೂಢಿ ಎರಡೂ ಕಡೆ ಇದೆ, ಓದುವವನಿಗೆ ತಲೆಬುಡ ತಿಳಿಯಬಾರದು ಅಂತಲೋ ಏನೋ! ಗುಣಿಸಿದರೆ ಹತ್ತು ದಿನಕ್ಕೆ ಸುಮಾರು 13 ಟಿಎಂಸಿ. ಕನ್ನಂಬಾಡಿ ತುಂಬಿದರೆ ಹಿಡಿಯುವುದು 49 ಟಿಎಂಸಿ ಚಿಲ್ಲರೆ. ಮಂಡ್ಯದವನಿಗಾಗಲಿ ತಂಜಾವೂರಿನವನಿಗಾಗಲಿ ಬೇಕಾಗಿದ್ದದ್ದು ಈ ಎರಡು ಸಂಖ್ಯೆ, ಅಕ್ಕಪಕ್ಕದಲ್ಲಿ.

12ರಂದು ಆದೇಶ ಬದಲಾಯಿತು: 12,000 ಕ್ಯುಸೆಕ್, ಆದರೆ 20ರವರೆಗೆ. ಇದನ್ನು ‘ಕಡಿತ’ ಅಂತಲೂ ಬರೆಯಬಹುದು, ‘ವಿಸ್ತರಣೆ’ ಅಂತಲೂ ಬರೆಯಬಹುದು; ಎರಡೂ ಸುಳ್ಳಲ್ಲ. ಒಟ್ಟು ಬಿಡಬೇಕಾದ ನೀರು ಮಾತ್ರ ಮೊದಲಿಗಿಂತ ಹೆಚ್ಚಾಯಿತು. ನನ್ನ ತಕರಾರು ಇಂಥ ಅರ್ಧಸತ್ಯದ ಬಗ್ಗೆಯೇ. ಸುಳ್ಳನ್ನಾದರೆ ಹಿಡಿದು ಕೇಳಬಹುದು, ಇದನ್ನು ಹೇಗೆ ಕೇಳೋದು?

ಅದೇ ದಿನ ನಸುಕಿನಲ್ಲಿ ಇಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಮಧ್ಯಾಹ್ನದ ಮೇಲೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದವು. ಟಿವಿಯವರು ಅದೇ ಬೆಂಕಿಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಎಷ್ಟು ಹೊತ್ತಿನದು, ಯಾವ ಬೀದಿಯದು, ಈಗ ಆರಿದೆಯೇ, ಒಂದೂ ಇಲ್ಲ. ಊರಿಂದ ಚಿಕ್ಕಪ್ಪನ ಫೋನು: “ಏನಪ್ಪಾ, ಅಲ್ಲಿ ಬೀದಿಗೆ ಇಳಿಯೋ ಹಾಗಿದ್ಯಾ?” ನಾನು ಮೈಲಾಪುರದಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ನಮ್ಮ ಪಕ್ಕದ ಮನೆಯ ತಮಿಳಮ್ಮ ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಹಚ್ಚಿ ಹಚ್ಚಿ ಸೋತಿದ್ದರು. ಆಕೆಯ ಹೆದರಿಕೆ ಬರೀ ಕಲ್ಪನೆ ಅನ್ನುವಂತಿಲ್ಲ. 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳರಿಗೆ ಏನಾಯಿತು ಅನ್ನೋದು ಇಲ್ಲಿ ಯಾರೂ ಮರೆತಿಲ್ಲ.

ಪತ್ರಿಕೆಗಳ ಮೇಲೆ ಜನಕ್ಕೆ ನಂಬಿಕೆ ಹೋಯಿತು ಅಂತ ಸಂಪಾದಕರು ಸಭೆಗಳಲ್ಲಿ ಗೋಳಾಡುತ್ತಾರೆ. ಅದಕ್ಕೆ ಸಭೆ ಬೇಕಿಲ್ಲ. ಕನ್ನಂಬಾಡಿ, ಕಬಿನಿ, ಮೆಟ್ಟೂರು ಮೂರರ ಮಟ್ಟವೂ ಒಳಹರಿವೂ ದಿನಾ ಒಂದೇ ಪಟ್ಟಿಯಲ್ಲಿ ಬರಲಿ. ಟಿವಿಯ ಚಿತ್ರದ ಮೇಲೆ ಊರು, ಹೊತ್ತು ಬರೆಯಲಿ. ಮುಖಪುಟದಲ್ಲಿ ತಪ್ಪಾದರೆ ತಿದ್ದುಪಡಿಯೂ ಮುಖಪುಟದಲ್ಲೇ ಬರಲಿ, ಒಳಗೆಲ್ಲೋ ಟೆಂಡರ್ ಜಾಹೀರಾತಿನ ಕೆಳಗೆ ಬೇಡ.

ಇನ್ನೊಂದು ಮಾತು. 2003ರಲ್ಲಿ ಇದೇ ಚೆನ್ನೈನ ಒಂದು ಅಧ್ಯಯನ ಸಂಸ್ಥೆ ಮುಂದೆ ನಿಂತು ಎರಡೂ ರಾಜ್ಯದ ರೈತರನ್ನು ಕೂಡಿಸಿ ‘ಕಾವೇರಿ ಕುಟುಂಬ’ ಅಂತ ಮಾಡಿತ್ತು. ಆ ರೈತರು ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೋಡಿ ಬಂದಿದ್ದರು. ಬಸ್ಸು ಸುಟ್ಟದ್ದು ನಿಮಗೆಲ್ಲ ಗೊತ್ತು. ಇದು ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ?