ಮಕ್ಕಳನ್ನು ಅಳೆಯುತ್ತಾ ಎಪ್ಪತ್ತು ವರ್ಷ

1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಹುಟ್ಟಿದವರ ಪೈಕಿ 5,362 ಮಕ್ಕಳನ್ನು ವೈದ್ಯ ಜೇಮ್ಸ್ ಡಗ್ಲಸ್ ಅವರ ತಂಡ ಆಯ್ದುಕೊಂಡಿತು. ಅವರ ಎತ್ತರ, ತೂಕ, ಕಾಯಿಲೆ, ಓದು, ಉದ್ಯೋಗಗಳು ದಶಕಗಳ ಕಾಲ ದಾಖಲಾಗುತ್ತಾ ಬಂದವು. 1958, 1970, 1991 ಹಾಗೂ 2000ದಲ್ಲಿ ಇಂಥವೇ ಅಧ್ಯಯನಗಳು ಆರಂಭವಾದವು. ಇವುಗಳ ಚರಿತ್ರೆಯೇ ‘ನೇಚರ್’ ಪತ್ರಿಕೆಯ ಹೆಲೆನ್ ಪಿಯರ್ಸನ್ 2016ರಲ್ಲಿ ಪ್ರಕಟಿಸಿದ ‘ದಿ ಲೈಫ್ ಪ್ರಾಜೆಕ್ಟ್’.

ಇಷ್ಟು ದೀರ್ಘಕಾಲ ಅಳೆಯುವುದೇಕೆ? 1958ರ ಸಮೀಕ್ಷೆಯನ್ನು ನೋಡಿ. ಸುಮಾರು 17,000 ಜನನಗಳನ್ನೊಳಗೊಂಡ ಅದರ ಮೂಲ ಉದ್ದೇಶ ನವಜಾತ ಶಿಶುಗಳ ಮರಣದ ಕಾರಣ ತಿಳಿಯುವುದು. ಧೂಮಪಾನ ಮಾಡುವ ತಾಯಂದಿರ ಶಿಶುಗಳ ತೂಕ ಕಡಿಮೆ ಎಂದು ಕಂಡುಬಂತು. ಆದರೆ ಕಾರಣ ಹೊಗೆಯೋ, ಧೂಮಪಾನ ಮಾಡುವವರ ಬೇರಾವುದೋ ಲಕ್ಷಣವೋ? ನಾಲ್ಕನೆಯ ತಿಂಗಳೊಳಗೆ ಧೂಮಪಾನ ಬಿಟ್ಟವರ ಶಿಶುಗಳ ತೂಕ ಧೂಮಪಾನ ಮಾಡದವರ ಶಿಶುಗಳ ತೂಕಕ್ಕೆ ಸಮೀಪವಿತ್ತು. ತಾಯಿ ಅದೇ ಬಗೆಯವಳು, ಬದಲಾದದ್ದು ಹೊಗೆ ಮಾತ್ರ. ಪ್ರಯೋಗ ಮಾಡಲಾಗದ ಕಡೆ ಪ್ರಯೋಗಕ್ಕೆ ಹತ್ತಿರವಾದ ತರ್ಕವಿದು.

ಲೇಖಕಿ ವಿಜ್ಞಾನಿಗಳ ಛಲವನ್ನು, ಹಣಕ್ಕಾಗಿ ಅವರು ಪಟ್ಟ ಪಾಡನ್ನು ಸೊಗಸಾಗಿ ನಿರೂಪಿಸಿದ್ದಾರೆ. ಆದರೆ ವ್ಯಕ್ತಿಗಳಿಗೆ ಸಿಕ್ಕಷ್ಟು ಜಾಗ ಅಳತೆಯ ದೋಷಗಳಿಗೆ ಸಿಕ್ಕಿಲ್ಲ. ಇದು ಸಣ್ಣ ಆಕ್ಷೇಪಣೆಯಲ್ಲ.

1970ರ ಅಧ್ಯಯನದ ಮಾಹಿತಿಯಿಂದ ಲಿಯಾನ್ ಫೈನ್‌ಸ್ಟೈನ್ 2003ರಲ್ಲಿ ಪ್ರಕಟಿಸಿದ ರೇಖಾಚಿತ್ರ ಬ್ರಿಟನ್ನಿನಲ್ಲಿ ಬಹಳ ಪ್ರಸಿದ್ಧ. 22 ತಿಂಗಳ ವಯಸ್ಸಿನಲ್ಲಿ ಚುರುಕಾಗಿದ್ದ ಬಡ ಮಕ್ಕಳ ಗೆರೆ ಕೆಳಗಿಳಿಯುತ್ತದೆ. ಹಿಂದಿದ್ದ ಶ್ರೀಮಂತ ಮಕ್ಕಳ ಗೆರೆ ಮೇಲೇರಿ, ಹತ್ತು ವರ್ಷದೊಳಗೆ ಅದನ್ನು ದಾಟುತ್ತದೆ. ರಾಜಕಾರಣಿಗಳು ಇದನ್ನು ಮತ್ತೆ ಮತ್ತೆ ಉಲ್ಲೇಖಿಸಿದರು.

ಈಗ ನೀವೇ ಯೋಚಿಸಿ. ಪ್ರಯೋಗಾಲಯದಲ್ಲಿ ನೂರು ತಂತಿಗಳ ಉದ್ದವನ್ನು ಒರಟು ಅಳತೆಪಟ್ಟಿಯಿಂದ ಅಳೆದು, ಅತಿ ಉದ್ದವೆಂದು ಕಂಡ ಹತ್ತನ್ನು ಆರಿಸಿ ಮತ್ತೆ ಅಳೆಯಿರಿ. ಅವುಗಳ ಸರಾಸರಿ ಇಳಿದಿರುತ್ತದೆ. ತಂತಿ ಕುಗ್ಗಲಿಲ್ಲ, ಮೊದಲ ಸಲದ ಆಕಸ್ಮಿಕ ದೋಷವೂ ಆಯ್ಕೆಯಲ್ಲಿ ಸೇರಿತ್ತು. ಎರಡು ವರ್ಷ ತುಂಬದ ಕೂಸಿನ ಬುದ್ಧಿಯನ್ನು ಅಳೆಯುವ ಪರೀಕ್ಷೆ ಅಂಥದೇ ಒರಟು ಪಟ್ಟಿ. ಬಡ ಮಕ್ಕಳ ಗುಂಪಿನ ಸರಾಸರಿ ಕೆಳಗಿದ್ದರೆ ಅವರ ಗೆರೆ ಅತ್ತ ಮರಳುತ್ತದೆ, ಶ್ರೀಮಂತರದು ಮೇಲಕ್ಕೆ. 2013ರಲ್ಲಿ ಜೆರ್ರಿಂ ಮತ್ತು ವಿನೋಲ್ಸ್ ಈ ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಗೆರೆಗಳು ದಾಟುತ್ತವೆಂಬುದಕ್ಕೆ ಗಟ್ಟಿ ಆಧಾರ ಉಳಿಯಲಿಲ್ಲ. ಬಡವ–ಬಲ್ಲಿದರ ಮಕ್ಕಳ ನಡುವಣ ಅಂತರವೇನೋ ನಿಜ. ಅದಕ್ಕೆ ತಪ್ಪು ಚಿತ್ರದ ಆಸರೆ ಬೇಕಿಲ್ಲ.

ಈ ಎಚ್ಚರ ನಮಗೂ ಸಲ್ಲುತ್ತದೆ. ಕಡಿಮೆ ಜನನತೂಕಕ್ಕೂ ಮುಂದಿನ ಹೃದ್ರೋಗಕ್ಕೂ ನಂಟಿದೆಯೆಂಬ ಡೇವಿಡ್ ಬಾರ್ಕರ್ ಅವರ ವಾದವನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ 1934ರಿಂದಾಚೆಗಿನ ಜನನ ದಾಖಲೆಗಳಿಂದಲೂ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶ ಅದಕ್ಕೆ ಪೂರಕವಾಗಿತ್ತು. ದಾದಿಯರು ತೂಗಿ ಬರೆದಿಟ್ಟ ಅಂಕಿಗಳಿಗೆ ಅರವತ್ತು ವರ್ಷಗಳ ನಂತರ ಬೆಲೆ ಬಂತು. ಆದರೆ ಊರಲ್ಲೇ ಉಳಿದು, ಬದುಕಿದ್ದು, ಪತ್ತೆಯಾದವರನ್ನಷ್ಟೇ ಪರೀಕ್ಷಿಸಲು ಸಾಧ್ಯವೆಂಬುದನ್ನು ಮರೆಯಬಾರದು.

ಅಮೆರಿಕದ ಇಂಥ ಬೃಹತ್ ಯೋಜನೆ 2014ರಲ್ಲಿ, ಬ್ರಿಟನ್ನಿನ ಹೊಸದೊಂದು 2015ರಲ್ಲಿ ನಿಂತುಹೋದವು. ಹಳೆಯವನ್ನು ಉಳಿಸಿಕೊಳ್ಳುವುದು ಎಷ್ಟು ಮುಖ್ಯವೆಂದು ತಿಳಿಯಲು ಈ ಪುಸ್ತಕ ಓದಿ. ಓದುವಾಗ ಪ್ರತಿ ಗೆರೆಯ ಹಿಂದಿರುವ ಅಳತೆಪಟ್ಟಿ ಎಷ್ಟು ನಿಖರವೆಂದು ಕೇಳುತ್ತಿರಿ.