ಕೇತಕರರ ಬ್ರಹ್ಮಗ್ರಹವೂ ಗುರುವಿನ ಚಂದ್ರರೂ

ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದು ಸಂಸ್ಕೃತದಲ್ಲಿ ‘ಜ್ಯೋತಿರ್ಗಣಿತ’ವನ್ನು ರಚಿಸಿದ ವೇಂಕಟೇಶ ಬಾಪೂಜಿ ಕೇತಕರರು (1854–1930) 1911ರಲ್ಲಿ ಫ್ರಾನ್ಸಿನ ಖಗೋಳಸಂಘದ ಪತ್ರಿಕೆಯ ಮೂಲಕ, ನೆಪ್ಚೂನಿನ ಆಚೆಗೆ ‘ಬ್ರಹ್ಮ’, ‘ವಿಷ್ಣು’ ಎಂಬ ಎರಡು ಗ್ರಹಗಳಿರಬೇಕೆಂದು ಸೂಚಿಸಿದರು. ಬ್ರಹ್ಮನಿಗೆ ಅವರು ಹೇಳಿದ ಭಗಣಕಾಲವು 242.28 ವರ್ಷ, 1930ರಲ್ಲಿ ಕಂಡುಬಂದ ಪ್ಲೂಟೋವಿನದು ಸುಮಾರು 248. ಆದುದರಿಂದ ಪ್ಲೂಟೋವನ್ನು ಕೇತಕರರು ಮುನ್ನವೇ ಗಣಿಸಿದ್ದರೆಂಬ ಅಭಿಮಾನೋಕ್ತಿಯುಂಟು. ಅದು ಪರೀಕ್ಷೆಗೆ ನಿಲ್ಲುವುದೋ ಎಂಬುದು ವಿಚಾರಾರ್ಹವಾಗಿದೆ.

ಕೇತಕರರು ಮಾದರಿಯಾಗಿ ಹಿಡಿದುದು ಗುರುವಿನ ಚಂದ್ರರಲ್ಲಿ ಲಾಪ್ಲಾಸನು ಸಾಧಿಸಿದ ನಿಯಮವನ್ನು. ಅಯೋವಿನ ದಿನಗತಿ 203.489 ಅಂಶ, ಯೂರೋಪಾದ್ದು 101.375, ಗ್ಯಾನಿಮೀಡಿನದು 50.318. ಮೊದಲನೆಯದಕ್ಕೆ ಮೂರನೆಯದರ ಇಮ್ಮಡಿಯನ್ನು ಕೂಡಿದರೆ 304.125, ಎರಡನೆಯದರ ಮುಮ್ಮಡಿಯೂ ಅಷ್ಟೇ. ಈ ಸಮತ್ವವು ಊಹೆಯಿಂದ ಬಂದುದಲ್ಲ. ಬೆಳಗಾವಿಯ ಖಾಸಬಾಗದ ಮಾಳಿಗೆಯಿಂದಲೂ ಈ ಚಂದ್ರರು ಸಣ್ಣ ದುರ್ಬೀನಿಗೆ ಗೋಚರಿಸುವರು. ಆದರೆ ಕಾಣುವುದು ಬೇರೆ, ಸ್ಥಾನವನ್ನು ಅಳೆಯುವುದು ಬೇರೆ. ಗುರುವಿನ ದೂರದಲ್ಲಿ ಒಂದು ವಿಕಲೆಯೆಂದರೆ ಸುಮಾರು 3,000 ಕಿಲೋಮೀಟರು. ಅಯೋವಾದರೋ ಸೆಕೆಂಡಿಗೆ ಸುಮಾರು 17 ಕಿಲೋಮೀಟರು ಚಲಿಸುವುದರಿಂದ, ಕಾಲದಲ್ಲಿ ಒಂದು ಸೆಕೆಂಡು ತಪ್ಪಿದರೆ ಸ್ಥಾನದಲ್ಲಿ ಅಷ್ಟು ಮಾತ್ರ ತಪ್ಪುವುದು. ಆದಕಾರಣ ಖಗೋಳಜ್ಞರು ಕೋನಕ್ಕಿಂತ ಕಾಲವನ್ನು ನೆಚ್ಚಿ, ಚಂದ್ರರು ಗುರುವಿನ ನೆರಳನ್ನು ಹೊಗುವ, ಹೊರಡುವ ಕ್ಷಣಗಳನ್ನು ತಲೆಮಾರುಗಳವರೆಗೆ ಬರೆದಿಟ್ಟರು. ಒಂದು ಚಂದ್ರನು ಮತ್ತೊಂದನ್ನು ಮರೆಮಾಡುವ ಕಾಲವನ್ನೂ ಈಗ ಅಳೆಯುವರು. ಸೂರ್ಯಸಿದ್ಧಾಂತದ ಗ್ರಹಯುತಿಯ ಪರಿಭಾಷೆಯಲ್ಲಿ ಇದನ್ನು ‘ಭೇದ’ವೆನ್ನಬಹುದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1991ರಲ್ಲಿ ಇಂತಹ ಭೇದಗಳನ್ನು ಅಳೆಯಲಾಯಿತು.

ಲಾಪ್ಲಾಸನ ನಿಯಮವನ್ನು ಅದೇ ರೂಪದಲ್ಲಿ ಯುರೇನಸ್, ನೆಪ್ಚೂನ್, ಪ್ಲೂಟೋಗಳಿಗೆ ಹಚ್ಚಿ ನೋಡೋಣ. ಅವುಗಳ ವರ್ಷಗತಿ ಕ್ರಮವಾಗಿ 4.285, 2.185, 1.452 ಅಂಶ. ಒಂದು ಪಕ್ಷದಲ್ಲಿ 7.189, ಇನ್ನೊಂದರಲ್ಲಿ 6.555, ಸಮತ್ವವಿಲ್ಲ. ಸಮತ್ವವನ್ನು ಬಲವಂತವಾಗಿ ತಂದರೆ ಮೂರನೆಯ ಗ್ರಹದ ಭಗಣಕಾಲವು 242 ಆಗದೆ 317 ವರ್ಷವಾಗುವುದು. ವಿಷ್ಣುವಂತೂ ದೊರೆಯಲೇ ಇಲ್ಲ. ಚಂದ್ರರಿಗೂ ಗ್ರಹಗಳಿಗೂ ಸಾದೃಶ್ಯವುಂಟು, ನಿಜ, ಆದರೆ ಸಾದೃಶ್ಯಮಾತ್ರದಿಂದ ವ್ಯಾಪ್ತಿಯು ಸಿದ್ಧಿಸದು, ವ್ಯಾಪ್ತಿಯಿಲ್ಲದೆ ಅನುಮಾನವಿಲ್ಲ. 242 ಮತ್ತು 248ರ ಸಾಮೀಪ್ಯವು ಕಾಕತಾಲೀಯವೆಂದೇ ಹೇಳಬೇಕಾಗಿದೆ.

ಇದರಿಂದ ಕೇತಕರರ ಹಿರಿಮೆಗೆ ಕುಂದಿಲ್ಲ. ಗಣಿತಾಗತ ಗ್ರಹವು ಆಕಾಶದ ಗ್ರಹಕ್ಕೆ ಹೊಂದಲೇಬೇಕೆಂಬ ದೃಕ್ಪ್ರತ್ಯಯನಿಷ್ಠೆಯೇ ‘ಜ್ಯೋತಿರ್ಗಣಿತ’ದ ಪ್ರಾಣ, ಅವರ ಪದ್ಧತಿಯನ್ನನುಸರಿಸಿದ ಪಂಚಾಂಗಗಳೇ ಅದಕ್ಕೆ ಸಾಕ್ಷಿ. ಅವರು ಹಳೆಯ ಪಂಚಾಂಗಗಳನ್ನು ಉಜ್ಜಿದ ಒರೆಗಲ್ಲಿಗೆ ಅವರ ಬ್ರಹ್ಮನನ್ನೂ ಉಜ್ಜಿ ನೋಡುವುದು ಅನಾದರವಲ್ಲ, ಅವರಿಗೆ ಸಲ್ಲತಕ್ಕ ಗೌರವ.